ಗಂಡನ ಪಕ್ಷ, ಅಣ್ಣನ ಪಕ್ಷ

1798, ಆಗಸ್ಟ್ 27, ಸೋಮವಾರ

ನನ್ನ ಗಂಡನನ್ನು ಇವತ್ತು ಮಧ್ಯಾಹ್ನ ಹಿಡಿದುಕೊಂಡು ಹೋದರು. ಅಸಾಹೆಲ್ ಅಕ್ಷರದ ಅಚ್ಚುಮೊಳೆ ಜೋಡಿಸುತ್ತ ನಿಂತಿದ್ದರು. ವಾರದ ಪತ್ರಿಕೆಯ ಎರಡನೆಯ ಪುಟ ಇನ್ನೂ ಅರ್ಧವಾಗಿತ್ತು. ಮಾರ್ಷಲ್ ಅಚ್ಚುಮನೆಯ ಬಾಗಿಲಲ್ಲೇ ನಿಂತು ವಾರಂಟು ಓದಿದ. ಕೈ ತೊಳೆದುಕೊಳ್ಳಲೂ ಬಿಡಲಿಲ್ಲ, ಮಸಿ ಮೆತ್ತಿದ ಕೈಯಲ್ಲೇ ಗಾಡಿ ಹತ್ತಿಸಿದರು.

ಅಪರಾಧ ಇಷ್ಟೆ. ಈ ತಿಂಗಳ ಮೊದಲ ಸಂಚಿಕೆಯಲ್ಲಿ ಇವರು ಬರೆದಿದ್ದರು: ಅಧ್ಯಕ್ಷರು ಸೈನ್ಯ ಕಟ್ಟುತ್ತಿರುವುದು ಫ್ರೆಂಚರ ಮೇಲಲ್ಲ, ನಮ್ಮ ಮೇಲೆ, ಅವರ ತಲೆ ಕಿರೀಟಕ್ಕೆ ಹಾತೊರೆಯುತ್ತಿದೆ. ಹೋದ ತಿಂಗಳು ಫಿಲಡೆಲ್ಫಿಯಾದಲ್ಲಿ ದೇಶದ ಶಾಸನಸಭೆ, ಕಾಂಗ್ರೆಸ್ಸು, ಹೊಸ ಕಾಯಿದೆ ಮಾಡಿದೆ. ಸರ್ಕಾರಕ್ಕೆ ಮಸಿ ಬಳಿಯುವ ಹಾಗೆ ಬರೆದವರಿಗೆ ಎರಡು ವರ್ಷದವರೆಗೆ ಜೈಲು. ಕಾಯಿದೆ ಮಾಡಿದವರು ಅಧ್ಯಕ್ಷರ ಪಕ್ಷದ ಫೆಡರಲಿಸ್ಟರು. ಅಸಾಹೆಲ್ ಎದುರು ಪಕ್ಷದ ರಿಪಬ್ಲಿಕನ್. ನನ್ನ ಅಣ್ಣ ಲೆಮ್ಯುಯೆಲ್ ಫೆಡರಲಿಸ್ಟ್. ನಾನು ಏನೂ ಅಲ್ಲ. ಬಸುರಿ, ಮೂರು ತಿಂಗಳು. ಹಿಂದಿನ ಎರಡೂ ನಿಲ್ಲಲಿಲ್ಲ.

ನನಗೆ ರಾಜಕೀಯ ಬೇಡ. ನನ್ನ ಗಂಡ ಮನೆಗೆ ಬಂದರೆ ಸಾಕು.

ಸೆಪ್ಟೆಂಬರ್ 14, ಶುಕ್ರವಾರ

ಒಂಬತ್ತು ತಿಂಗಳು ಜೈಲು.

ಬರೆದದ್ದು ನಿಜವೆಂದು ಸಾಬೀತು ಮಾಡಿದರೆ ಬಿಡುಗಡೆ ಎಂದು ಆ ಕಾಯಿದೆಯಲ್ಲೇ ಇದೆಯಂತೆ. ಅಧ್ಯಕ್ಷರ ತಲೆಯೊಳಗೆ ಏನಿದೆ ಎಂದು ಯಾರಾದರೂ ಸಾಬೀತು ಮಾಡುವುದು ಹೇಗೆ? ಇವರು ಅದನ್ನೇ ಕೇಳಿದಾಗ ನ್ಯಾಯಾಧೀಶ ನಕ್ಕನಂತೆ. ನಮ್ಮ ಕೌಂಟಿಯ ಜೈಲಿನಲ್ಲೇ ಇಡುತ್ತಾರೆ ಎಂಬುದೊಂದು ಸಮಾಧಾನ.

ಸಂಜೆ ಲೆಮ್ಯುಯೆಲ್ ಬಂದ. ಟೋಪಿಗೆ ಅವರ ಪಕ್ಷದ ಕಪ್ಪು ರಿಬ್ಬನ್ನಿನ ಹೂ ಹಾಗೇ ಇತ್ತು. ಒಳಗೆ ಬರುವಾಗ ತೆಗೆದು ಜೇಬಿಗೆ ಹಾಕಿಕೊಂಡ.

"ಜೆರೂ, ಕ್ಷಮಾಪಣೆ ಪತ್ರ ನಾನೇ ಬರೆದುಕೊಡ್ತೀನಿ. ಅವನು ಸಹಿ ಹಾಕಲಿ. ತಪ್ಪಾಯ್ತು ಅಂತ ಒಂದು ಮಾತು ಅಂದ್ರೆ ಅಧ್ಯಕ್ಷರು ಬಿಟ್ಟುಬಿಡ್ತಾರೆ. ಅವರೇನು ರಾಕ್ಷಸರಲ್ಲ."

"ಹಾಕ್ತಾರೆ ಅಣ್ಣ. ನಾನು ಹಾಕಿಸ್ತೀನಿ."

ಅಮ್ಮ ಬೀನ್ಸ್ ಕಾಳು ಬೇಯಿಸಿ ಕಳಿಸಿದ್ದಳು. ಅವಳು ಅಣ್ಣನ ಮನೆಯಲ್ಲೇ ಇರುವುದು. ಬಾಗಿಲು ದಾಟುವಾಗ ಲೆಮ್ಯುಯೆಲ್ ನನ್ನ ತಲೆಯ ಮೇಲೆ ಕೈ ಇಟ್ಟ. ಅಪ್ಪ ಹೋದ ದಿನ ಹೀಗೇ ಇಟ್ಟಿದ್ದ.

ನವೆಂಬರ್ 3, ಶನಿವಾರ

ಜೈಲಿನ ಕಿಟಕಿಗೆ ಗಾಜಿಲ್ಲ. ಕಬ್ಬಿಣದ ಸರಳುಗಳ ನಡುವೆ ನದಿಯ ಗಾಳಿ ನೇರ ಒಳಗೆ ಬರುತ್ತದೆ. ಅಸಾಹೆಲ್‌ಗೆ ಕೆಮ್ಮು ಹತ್ತಿದೆ. ನಾನು ತಂದ ಮುಸುಕಿನ ಜೋಳದ ರೊಟ್ಟಿಯನ್ನು ಎರಡು ಕೈಯಲ್ಲೂ ಹಿಡಿದು ತಿಂದರು. ಆ ಕೈ ನೋಡಲಾಗಲಿಲ್ಲ.

ಕ್ಷಮಾಪಣೆ ಪತ್ರ ಮುಂದಿಟ್ಟೆ. ಓದಿದರು, ಮಡಚಿ ವಾಪಸ್ಸು ಕೊಟ್ಟರು.

"ಒಂದು ಸಹಿ ಅಷ್ಟೆ ರೀ."

"ಸಂವಿಧಾನದಲ್ಲಿ ಏನು ಬರೆದಿದೆ ಗೊತ್ತಾ? ಮಾತಿಗೆ, ಅಚ್ಚಿಗೆ ಕತ್ತರಿ ಹಾಕೋ ಕಾಯಿದೆ ಕಾಂಗ್ರೆಸ್ ಮಾಡಕೂಡದು ಅಂತ. ಮಾಡಕೂಡದು ಅಂದ್ರೆ ಮಾಡಕೂಡದು. ಅದರಲ್ಲಿ ಸಂದಿ ಎಲ್ಲಿದೆ ಹೇಳು?"

"ಸಂದಿ ಇಲ್ಲದ್ದಕ್ಕೇ ನೀವು ಒಳಗಿದ್ದೀರಿ."

ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಅತ್ತೆ, ಬೈದೆ, ಹೊಟ್ಟೆಯ ಮೇಲೆ ಅವರ ಕೈ ಎಳೆದು ಇಟ್ಟುಕೊಂಡೆ. "ಇದರ ಮುಖ ನೋಡಿ ಸಹಿ ಹಾಕಿ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ಸಹಿಯನ್ನೂ ಹಾಕಲಿಲ್ಲ.

ದಾರಿಯುದ್ದಕ್ಕೂ ಆ ಮನುಷ್ಯನನ್ನು ಶಪಿಸುತ್ತ ಬಂದೆ.

ಡಿಸೆಂಬರ್ 9, ಭಾನುವಾರ

ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ದೇಶದ್ರೋಹಿಗಳ ಮೇಲೆ ಪ್ರವಚನ. ಎಲ್ಲರೂ ಎದುರಿಗೇ ನೋಡುತ್ತಿದ್ದರು, ನನ್ನ ಬೆನ್ನು ಮಾತ್ರ ಸುಡುತ್ತಿತ್ತು. ಕೊನೆಯ ಪ್ರಾರ್ಥನೆಗೆ ಲೆಮ್ಯುಯೆಲ್ ಎದ್ದು ಬಂದು ನನ್ನ ಪಕ್ಕ ನಿಂತ.

ಮನೆಗೆ ಬಂದು ಅಚ್ಚುಯಂತ್ರಕ್ಕೆ ಎಣ್ಣೆ ಸವರಿದೆ. ತುಕ್ಕು ಹಿಡಿದರೆ ಬಂದ ಮೇಲೆ ನನ್ನನ್ನೇ ಬೈಯುತ್ತಾರೆ.

1799, ಜನವರಿ 24, ಗುರುವಾರ

ಹೆಣ್ಣು. ಬೆಳಕು ಹರಿಯುವಾಗ ಹುಟ್ಟಿತು, ತಿಂಗಳು ತುಂಬುವ ಮೊದಲೇ. ಮಧ್ಯಾಹ್ನದವರೆಗೆ ಇತ್ತು.

ಜನವರಿ 27, ಭಾನುವಾರ

ನೆಲ ಕಲ್ಲಿನ ಹಾಗಿತ್ತು. ಲೆಮ್ಯುಯೆಲ್ ಆ ಜಾಗದಲ್ಲಿ ಸೌದೆ ಹಾಕಿ ಬೆಂಕಿ ಮಾಡಿ, ಮಂಜುಗಟ್ಟಿದ ಮಣ್ಣು ಕರಗಿದ ಮೇಲೆ ಗುದ್ದಲಿ ಹಿಡಿದ. ಪೆಟ್ಟಿಗೆಯನ್ನೂ ಅವನೇ ಮಾಡಿದ್ದು. ಪೈನ್ ಹಲಗೆ, ಒಳಗೆ ಅಮ್ಮನ ಉಣ್ಣೆಯ ಶಾಲು.

ಅಸಾಹೆಲ್ ಒಂದು ಗಂಟೆಗೆ ಬಿಡಿ ಎಂದು ಕೇಳಿಕೊಂಡರಂತೆ. ಮಾರ್ಷಲ್ ಅಪ್ಪಣೆಯಿಲ್ಲ ಎಂದನಂತೆ.

ಹೆಸರಿಡಲಿಲ್ಲ. ಇವರನ್ನು ಕೇಳದೆ ಹೇಗೆ ಇಡಲಿ?

ಫೆಬ್ರವರಿ 16, ಶನಿವಾರ

ಲೆಮ್ಯುಯೆಲ್ ಸೌದೆ ತಂದು ಹಾಕಿದ. ಜೋಳದ ಹಿಟ್ಟಿನ ಚೀಲ ಒಳಗೆ ಇಟ್ಟ. "ನೀನಿಲ್ಲದಿದ್ರೆ ನಾನು ಸತ್ತೇ ಹೋಗ್ತಿದ್ದೆ ಅಣ್ಣ" ಎಂದೆ. ಅವನು ಕೂರಲಿಲ್ಲ. ಕೋಟಿನ ಗುಂಡಿ ಹಾಕುತ್ತ, ತೆಗೆಯುತ್ತ ನಿಂತ.

"ಹಾಗನ್ನಬೇಡ. ಆ ಪತ್ರಿಕೆ ತಗೊಂಡು ಹೋಗಿ ಸರ್ಕಾರಿ ವಕೀಲನ ಕೈಗೆ ಕೊಟ್ಟವನು ನಾನೇ."

ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದೆ.

"ಒಂದು ವಾರ ಕೂರಿಸ್ತಾರೆ, ಬುದ್ಧಿ ಬರುತ್ತೆ ಅಂದ್ಕೊಂಡೆ ಜೆರೂ. ಫ್ರಾನ್ಸಲ್ಲಿ ಏನಾಯ್ತು ನೋಡಲಿಲ್ವಾ? ಮೊದಲು ಬಾಯಿಗೆ ಬಂದದ್ದು ಅಚ್ಚು ಹಾಕಿದ್ರು, ಆಮೇಲೆ ನೆರೆಯವರ ತಲೆನೇ ಕಡಿದ್ರು. ಇಲ್ಲಿ ಹಾಗಾಗಬಾರದು ಅಂತ. ದೇವರಾಣೆ, ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ."

"ನನ್ನ ಮಗುಗೆ ಗುಂಡಿ ತೋಡುವಾಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ನನ್ನ ಹೊಸ್ತಿಲು ಇನ್ನೊಂದು ಸಲ ತುಳಿಯಬೇಡ."

ಅವನು ಹೋದ ಮೇಲೆ ಆ ಹಿಟ್ಟನ್ನು ಹೊರಗೆ ಹಿಮದ ಮೇಲೆ ಸುರಿದೆ. ಸ್ವಲ್ಪ ಹೊತ್ತಿಗೆ ಪಾತ್ರೆ ತಂದು ಮೇಲಿನ ಒಣಹಿಟ್ಟನ್ನು ಕೈಯಲ್ಲಿ ಬಳಿದುಕೊಂಡೆ. ಮನೆಯಲ್ಲಿ ಬೇರೇನೂ ಇರಲಿಲ್ಲ. ತಿಂದೆ ಕೂಡ.

ಜೂನ್ 14, ಶುಕ್ರವಾರ

ಬಂದರು. ಜೈಲಿನ ಬಾಗಿಲಿಂದ ನಮ್ಮ ಮನೆಯವರೆಗೆ ರಿಪಬ್ಲಿಕನ್ನರು ಡೋಲು ಬಾರಿಸಿದರು, ಹೆಗಲ ಮೇಲೆ ಹೊತ್ತು ತಂದರು. ಹೊರುವವರಿಗೆ ಭಾರವೇ ಇರಲಿಲ್ಲ, ಅಷ್ಟು ಇಳಿದಿದ್ದಾರೆ.

ಎಲ್ಲರೂ ಹೋದ ಮೇಲೆ ಲೆಮ್ಯುಯೆಲ್ ಮಾಡಿದ್ದನ್ನು ಹೇಳಿದೆ. ಅಳಲಿಲ್ಲ, ಕೂಗಲಿಲ್ಲ. "ನಮಗೂ ಒಂದು ದಿನ ಬರುತ್ತೆ" ಎಂದರು. ಮಗುವಿಗೆ ಏನು ಹೆಸರಿಡೋಣ ಎಂದು ಕೇಳಿದೆ. "ಈಗ್ಯಾಕೆ?" ಎಂದರು.

1803, ಏಪ್ರಿಲ್ 17, ಭಾನುವಾರ

ನಾಲ್ಕು ವರ್ಷ ಇದರಲ್ಲಿ ಒಂದಕ್ಷರ ಬರೆದಿರಲಿಲ್ಲ. ಬರೆಯುವಂಥದ್ದು ಇರಲಿಲ್ಲವೆಂದಲ್ಲ. ಫೆಡರಲಿಸ್ಟರು ಸೋತರು, ಆ ಕಾಯಿದೆಯ ಗಡುವು ಮುಗಿಯಿತು, ದೇಶಕ್ಕೂ ನಮ್ಮ ನ್ಯೂಯಾರ್ಕ್ ರಾಜ್ಯಕ್ಕೂ ರಿಪಬ್ಲಿಕನ್ನರೇ ಒಡೆಯರಾದರು. ಅಸಾಹೆಲ್ ಜೈಲಿಗೆ ಹೋಗಿ ಬಂದವರು, ಈಗ ಅವರ ಮಾತಿಗೆ ಎದುರಿಲ್ಲ. ರಾಜ್ಯದ ನೋಟೀಸುಗಳೆಲ್ಲ ನಮ್ಮಲ್ಲೇ ಅಚ್ಚಾಗುತ್ತವೆ. ಕೌಂಟಿಯ ನ್ಯಾಯಾಧೀಶರು ನಮ್ಮ ಊಟದ ಮೇಜಿಗೆ ಬಂದು ಹಂದಿಮಾಂಸ ಹೊಗಳುತ್ತಾರೆ. ಅಸಾಹೆಲ್‌ಗೆ ಸಭೆ, ಔತಣ ಹೆಚ್ಚು. ಮೊಳೆ ಜೋಡಿಸುವುದು ಈಗ ಬಹುಪಾಲು ನಾನೇ. ಮತ್ತೆ ಮಕ್ಕಳಾಗಲಿಲ್ಲ.

ಅಮ್ಮ ಉಳಿಯುವುದಿಲ್ಲವಂತೆ. ನಾಳೆ ಲೆಮ್ಯುಯೆಲ್ ಮನೆಗೆ ಹೋಗಬೇಕು.

ಏಪ್ರಿಲ್ 29, ಶುಕ್ರವಾರ

ಅಮ್ಮನ ಮಂಚದ ಆ ಕಡೆ ಅವನು, ಈ ಕಡೆ ನಾನು. ಮಾತಿಲ್ಲ. ಅವಳಿಗೆ ನೀರು ಕುಡಿಸುವಾಗ ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ, ಅಷ್ಟೆ. ಕೂದಲು ಪೂರಾ ಬೆಳ್ಳಗಾಗಿದೆ ಅವನಿಗೆ.

ಇವತ್ತು ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದ. ಅಮ್ಮ ಕಣ್ಣು ಬಿಟ್ಟು, "ಏನೋ ಅದು, ಗಟ್ಟಿಯಾಗಿ ಓದು" ಎಂದಳು. ಅವನು ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಓದಿದ.

ಭಾಷಣ. ಅಧ್ಯಕ್ಷರು ಹುದ್ದೆಗಳನ್ನು ಸಂತೆಯಲ್ಲಿಟ್ಟ ಹಾಗೆ ತಮ್ಮ ಪಕ್ಷದವರಿಗೆ ಹಂಚುತ್ತಿದ್ದಾರೆ. ನಮ್ಮ ಕೌಂಟಿಯ ನ್ಯಾಯಾಧೀಶ ಕಾನೂನಿನ ಪುಸ್ತಕ ಮುಟ್ಟಿದವನಲ್ಲ, ಚುನಾವಣೆಯಲ್ಲಿ ರಮ್ ಹಂಚಿ ಪೀಠ ಹತ್ತಿದವನು. ಸಂಕೋಲೆ ಮುರಿಯುತ್ತೇವೆಂದು ಗೆದ್ದವರು ಅದಕ್ಕೆ ಎಣ್ಣೆ ಹಾಕಿ ಇಟ್ಟುಕೊಂಡಿದ್ದಾರೆ.

"ನಿಮ್ಮಪ್ಪನ ಹಾಗೇ" ಎಂದಳು ಅಮ್ಮ. "ಉದ್ದ ಜಾಸ್ತಿ."

ನಗು ಬಂತು ನನಗೆ. ಅವನಿಗೂ. ಇಬ್ಬರೂ ಬೇರೆ ಕಡೆ ತಿರುಗಿಕೊಂಡೆವು.

ಮೇ 9, ಸೋಮವಾರ

ಅಮ್ಮನನ್ನು ಮಣ್ಣು ಮಾಡಿ ಬಂದೆವು.

ಊಟಕ್ಕೆ ಕೂತಾಗ ಎದೆಯೊಳಗಿನ ಸಂಕಟವೆಲ್ಲ ಸಿಟ್ಟಾಗಿ ಹೊರಗೆ ಬಂತು. "ತಾಯಿ ಸಾಯ್ತಾ ಮಲಗಿದ್ದಾಳೆ, ಆ ಪುಣ್ಯಾತ್ಮ ಅಲ್ಲೇ ಕೂತು ನಿಮ್ಮ ಅಧ್ಯಕ್ಷರಿಗೂ ನಿಮ್ಮ ಜಡ್ಜಿಗೂ ಬೈದು ಭಾಷಣ ಬರೀತಿದ್ದ!" ಎಂದೆ. ಏನೇನು ಬರೆದಿದ್ದ ಎಂದು ಅಸಾಹೆಲ್ ಕೇಳಿದರು. ನೆನಪಿದ್ದಷ್ಟು ಹೇಳಿದೆ. ಇಷ್ಟು ಗಮನವಿಟ್ಟು ಅವರು ನನ್ನ ಮಾತು ಕೇಳಿ ಎಷ್ಟೋ ದಿನವಾಗಿತ್ತು.

ಜುಲೈ 12, ಮಂಗಳವಾರ



ಆ ಭಾಷಣ ಹೋದ ತಿಂಗಳು ಪಕ್ಕದ ಕೌಂಟಿಯ ಫೆಡರಲಿಸ್ಟ್ ಪತ್ರಿಕೆಯಲ್ಲಿ ಹೆಸರಿಲ್ಲದೆ ಬಂದಿತ್ತು. ಬರೆದವನೆಂದು ಲೆಮ್ಯುಯೆಲ್ ಮೇಲೆ ರಾಜ್ಯ ಸರ್ಕಾರ ಮಾನನಷ್ಟದ ಮೊಕದ್ದಮೆ ಹೂಡಿದೆ. ಬರೆದವನು ಲೆಮ್ಯುಯೆಲ್ ಎಂದು ಅವರಿಗೆ ಹೇಗೆ ಗೊತ್ತಾಯಿತು? ಅವನು ಓದಿದ್ದು ಅಮ್ಮನೂ ನಾನೂ ಮಾತ್ರ ಕೇಳಿದ್ದೆವು. ಅಮ್ಮ ಮಣ್ಣಿನಲ್ಲಿದ್ದಾಳೆ.

ಸೆಪ್ಟೆಂಬರಿನಲ್ಲಿ ನಾನು ಸಾಕ್ಷಿ ಹೇಳಬೇಕಂತೆ. ಕೋರ್ಟಿನ ಆಳು ಸಮನ್ಸು ಕೊಟ್ಟು ಹೋದ. ಅಸಾಹೆಲ್ ಅಚ್ಚುಮನೆಯಲ್ಲಿದ್ದರು.

"ನೀವು ಹೇಳಿದ್ರಾ?"

"ಹೇಳಿದೆ. ಅವನು ನನಗೆ ಮಾಡಿದ್ದನ್ನೇ ಅವನಿಗೆ ಮಾಡಿದೆ."

"ಮಾಡಕೂಡದು ಅಂದ್ರೆ ಮಾಡಕೂಡದು ಅಂತಿದ್ರಿ. ಅದಕ್ಕೇ ಒಳಗೆ ಕೂತಿದ್ರಿ."

"ಅದು ಕಾಂಗ್ರೆಸ್ಸಿಗೆ ಹೇಳಿದ್ದು. ಸಂವಿಧಾನ ಕಟ್ಟಿಹಾಕಿರೋದು ಕಾಂಗ್ರೆಸ್ಸನ್ನ. ರಾಜ್ಯವನ್ನಲ್ಲ. ನಮ್ಮ ರಾಜ್ಯಕ್ಕೆ ಆ ಅಧಿಕಾರ ಮೊದಲಿಂದ ಇದೆ. ನಾನು ಯಾವತ್ತೂ ಬೇರೆ ಥರ ಹೇಳಿಲ್ಲ, ಹಳೇ ಸಂಚಿಕೆ ತೆಗೆದು ನೋಡು."

"ಒಳಗೆ ಚಳಿ ಹೊಡೆಯುವಾಗ ಇದು ಕಾಂಗ್ರೆಸ್ಸಿನ ಚಳಿ, ಇದು ರಾಜ್ಯದ ಚಳಿ ಅಂತ ಗೊತ್ತಾಗುತ್ತಾ ರೀ?"

"ಕಾನೂನು ನಿನಗೆ ತಿಳಿಯಲ್ಲ ಜೆರೂಷಾ."

ತಿಳಿಯುವುದಿಲ್ಲ, ನಿಜ. ಆದರೆ ಆವತ್ತು ಅವರಿಗೆ ನಿಜವೆಂದು ತೋರಿಸಿ ಬಿಡಿಸಿಕೊಳ್ಳುವ ದಾರಿಯೊಂದಾದರೂ ಇತ್ತು. ರಾಜ್ಯದ ಹಳೆಯ ಕಾನೂನಿನಲ್ಲಿ ಅದೂ ಇಲ್ಲವಂತೆ. ನಿಜವಾಗಲಿ ಸುಳ್ಳಾಗಲಿ, ಬರೆದಿದ್ದರೆ ಸಾಕು.

ನನ್ನ ಬಾಯಿಂದಲೇ ಹೋಯಿತು. ದೇವರೇ, ನನ್ನ ಬಾಯಿಂದಲೇ.

ಜುಲೈ 15, ಶುಕ್ರವಾರ

ಲೆಮ್ಯುಯೆಲ್ ಅಂಗಡಿಗೆ ಹೋದೆ. ಅವನು ಉಪ್ಪುಮೀನಿನ ಪೀಪಾಯಿಯ ಮುಚ್ಚಳ ಬಡಿಯುತ್ತಿದ್ದ.

"ನಾನು ಹೇಳ್ಬಿಟ್ಟೆ ಅಣ್ಣ. ಬೇಕೂಂತ ಅಲ್ಲ. ಸಿಟ್ಟಲ್ಲಿ."

ಸುತ್ತಿಗೆ ಕೆಳಗಿಟ್ಟ. "ನಾನೂ ಬೇಕೂಂತ ಅಲ್ಲ" ಎಂದ. ಆಮೇಲೆ, "ಕೋರ್ಟಲ್ಲಿ ಕೇಳಿದ್ರೆ ಹೇಳಿಬಿಡು. ಪ್ರಮಾಣ ಮಾಡಿ ಸುಳ್ಳು ಹೇಳಬೇಡ, ನನಗೋಸ್ಕರ ನರಕಕ್ಕೆ ಹೋಗಬೇಡ."

"ಸುಳ್ಳು ಹೇಳಲ್ಲ."

"ಸರಿ ಮತ್ತೆ."

"ನಿನ್ನನ್ನ ಕ್ಷಮಿಸಿಲ್ಲ ನಾನು."

"ಗೊತ್ತು ಜೆರೂ."

ಒಂದು ಮೀನು ಎಲೆಯಲ್ಲಿ ಸುತ್ತಿ ಕೊಟ್ಟ. ಮನೆಗೆ ತಂದೆ.

ಆಗಸ್ಟ್ 21, ಭಾನುವಾರ

ಅಸಾಹೆಲ್ ಮೇಲಿನ ಕೋಣೆಯಲ್ಲಿ ಮಲಗುತ್ತಾರೆ. ನಿದ್ದೆಯಲ್ಲಿ ಕೆಮ್ಮುವುದು ಕೆಳಗೆ ಕೇಳುತ್ತದೆ. ಆ ಕೆಮ್ಮು ಕೇಳಿದಾಗ ಲೆಮ್ಯುಯೆಲ್‌ನ ಕತ್ತು ಹಿಸುಕುವಷ್ಟು ರೋಷ ಬರುತ್ತದೆ. ಬೆಳಿಗ್ಗೆ ಎದ್ದು ಇವರ ಮುಖ ನೋಡಿದರೆ ಆ ರೋಷ ಇವರ ಮೇಲೆ ತಿರುಗುತ್ತದೆ. ಯಾರ ಕಡೆಯೂ ನಿಲ್ಲಲಾರೆ. ಒಂದೇ ಸಮ ಸತ್ತು ಹೋಗಬೇಕೆನಿಸುತ್ತದೆ, ಆಮೇಲೆ ರೊಟ್ಟಿಗೆ ಹಿಟ್ಟು ಕಲಸುತ್ತೇನೆ.

ಸೆಪ್ಟೆಂಬರ್ 8, ಗುರುವಾರ

ಕೋರ್ಟು ತುಂಬಿತ್ತು. ಕಿಟಕಿಗಳ ಮೇಲೂ ಜನ. ಪೀಠದಲ್ಲಿ ಆಲ್ಬನಿಯಿಂದ ಬಂದ ದೊಡ್ಡ ನ್ಯಾಯಾಧೀಶರು. ಪಕ್ಕದಲ್ಲಿ ನಮ್ಮ ಕೌಂಟಿಯ ನ್ಯಾಯಾಧೀಶರು, ನಮ್ಮ ಮೇಜಿನಲ್ಲಿ ಉಂಡವರು, ಭಾಷಣದಲ್ಲಿ ಬೈಸಿಕೊಂಡವರು. ಅಸಾಹೆಲ್ ಮೊದಲ ಸಾಲಿನಲ್ಲಿ.

ಬೈಬಲ್ ಮುಟ್ಟಿ ಪ್ರಮಾಣ ಮಾಡಿದೆ.

ಸರ್ಕಾರಿ ವಕೀಲ ಪತ್ರಿಕೆ ತೋರಿಸಿದ. "ಇದನ್ನ ಬರೆದವರು ಯಾರು ಅಂತ ನಿಮಗೆ ಗೊತ್ತಾ ಅಮ್ಮಾ?"

"ಗೊತ್ತು."

"ಯಾರು?"

"ಹೇಳಲ್ಲ."

ಗದ್ದಲವಾಯಿತು. ಮರದ ಸುತ್ತಿಗೆ ಬಡಿದರು. ದೊಡ್ಡ ನ್ಯಾಯಾಧೀಶರು ಮುಂದೆ ಬಾಗಿ ಮೆಲ್ಲಗೆ ಕೇಳಿದರು. "ನೋಡಮ್ಮಾ, ಗೊತ್ತಿದ್ದೂ ಹೇಳದಿದ್ರೆ ನಿನ್ನನ್ನೇ ಜೈಲಿಗೆ ಕಳಿಸಬೇಕಾಗುತ್ತೆ. ನೀನು ಯಾಕೆ ಹೇಳಲ್ಲ?"

ಏನೋ ದೊಡ್ಡ ಮಾತು ಹೇಳಬೇಕಿತ್ತೇನೋ. ನನಗೆ ಹೊಳೆದದ್ದು ಇಷ್ಟೆ: "ಸ್ವಾಮಿ, ಅದರಲ್ಲಿರೋದು ತಪ್ಪಾದ್ರೆ ತಪ್ಪು ಅಂತ ಇನ್ನೊಂದು ಪತ್ರಿಕೇಲಿ ಬರೀರಿ. ನಮ್ಮ ಮನೇಲೇ ಅಚ್ಚುಯಂತ್ರ ಇದೆ, ನಾನೇ ಮೊಳೆ ಜೋಡಿಸಿಕೊಡ್ತೀನಿ. ಮನುಷ್ಯನ್ನ ಮಾತ್ರ ಒಳಗೆ ಹಾಕಬೇಡಿ. ನಾನು ಒಂದು ಸಲ ನೋಡಿದ್ದೀನಿ, ಸಾಕು."

ಯಾರೋ ನಕ್ಕರು. ಅಸಾಹೆಲ್ ತಲೆ ಎತ್ತಲಿಲ್ಲ. "ಕರೆದುಕೊಂಡು ಹೋಗಿ" ಎಂದರು ನ್ಯಾಯಾಧೀಶರು. ಷರೀಫನ ಆಳು ನನ್ನ ರಟ್ಟೆ ಹಿಡಿದ. ಆಗ ಹಿಂದಿನಿಂದ ಲೆಮ್ಯುಯೆಲ್‌ನ ದನಿ ಕೇಳಿತು, ಚರ್ಚಿನಲ್ಲಿ ಪ್ರಾರ್ಥನೆ ಹೇಳಿಕೊಡುವ ಅದೇ ದನಿ.

"ಬರೆದವನು ನಾನು. ಅವಳ ಕೈ ಬಿಡಿ."

ನನ್ನನ್ನು ಬಿಟ್ಟರು, ಮುಂದಿನದೆಲ್ಲ ಬೇಗ ಮುಗಿಯಿತು. ಬರೆದದ್ದು ನಿಜವೆಂದು ತೋರಿಸಲು ಸಾಕ್ಷಿಗಳನ್ನು ತಂದಿದ್ದೇನೆ ಎಂದ ಅವನ ವಕೀಲ. ಚುನಾವಣೆಯ ರಮ್ ಕುಡಿದವರು ಮೂವರು ಹೊರಗೆ ಕಾಯುತ್ತಿದ್ದರು. ನಿಜ ಸುಳ್ಳು ಇಲ್ಲಿ ಪ್ರಶ್ನೆಯಲ್ಲ ಎಂದರು ನ್ಯಾಯಾಧೀಶರು. ಜ್ಯೂರಿಯವರು ಚರ್ಚೆಗೆಂದು ಎದ್ದು ಒಳಗೂ ಹೋಗದೆ ತಪ್ಪಿತಸ್ಥ ಎಂದರು. ನಾಲ್ಕು ತಿಂಗಳು.

ಕರೆದೊಯ್ಯುವಾಗ ನನ್ನ ಪಕ್ಕದಲ್ಲೇ ಹಾದುಹೋದ. "ಹೇಳು ಅಂದಿದ್ದೆನಲ್ಲೇ ಹುಚ್ಚಿ" ಎಂದ. ಅವನ ವಯಸ್ಸು ಅರವತ್ತರ ಹತ್ತಿರ. ಜೈಲಿನ ಆ ಕಿಟಕಿಗೆ ಇವತ್ತಿಗೂ ಗಾಜು ಹಾಕಿಸಿಲ್ಲ.

ಸೆಪ್ಟೆಂಬರ್ 10, ಶನಿವಾರ

ನಿನ್ನೆ ಅಸಾಹೆಲ್ ತೀರ್ಪಿನ ವರದಿ ಬರೆದರು. ಸುಳ್ಳುಗಾರನಿಗೆ ತಕ್ಕ ಶಾಸ್ತಿ ಎಂದು ತಲೆಬರಹ. ಮೊಳೆ ಜೋಡಿಸಲು ನನಗೆ ಕೊಟ್ಟರು. ಅದನ್ನು ಪಕ್ಕಕ್ಕಿಟ್ಟು ಇವತ್ತು ಬೆಳಿಗ್ಗೆಯೇ ಲೆಮ್ಯುಯೆಲ್‌ನ ಭಾಷಣ ಜೋಡಿಸಲು ಕೂತೆ. ಅರ್ಧಕ್ಕರ್ಧ ತಲೆಹರಟೆ. ಅಧ್ಯಕ್ಷರ ಬಗ್ಗೆ ಬರೆದದ್ದನ್ನು ನಾನು ಒಪ್ಪುವುದೇ ಇಲ್ಲ. ವಾಕ್ಯಗಳು ಉದ್ದ, ಅಮ್ಮ ಹೇಳಿದ್ದು ಸರಿ. ಒಂದನ್ನೂ ಕತ್ತರಿಸಲಿಲ್ಲ.

ಮಧ್ಯಾಹ್ನಕ್ಕೆ ಅಸಾಹೆಲ್ ಬಂದು ಬಾಗಿಲಲ್ಲಿ ನಿಂತರು. ಮೊಳೆಯ ಸಾಲುಗಳನ್ನು ತಲೆಕೆಳಗಾಗಿಯೇ ಓದಬಲ್ಲರು. ಓದಿದರು.

"ಇದನ್ನ ಅಚ್ಚು ಹಾಕಿದ್ರೆ ನೀನೂ ಅಪರಾಧಿನೇ. ಅಣ್ಣನ ಪಕ್ಕದ ಕೋಣೆಗೆ ಹಾಕ್ತಾರೆ."

"ಗೊತ್ತು."

"ನಾನು ಬಿಡಿಸೋಕೆ ಬರಲ್ಲ."

"ಬರಬೇಡಿ."

ಆಮೇಲೆ ಅವರ ದನಿ ಒಡೆಯಿತು. ಆ ವರ್ಷ ಜೈಲಿನಲ್ಲೂ ಹಾಗೆ ಒಡೆದಿರಲಿಲ್ಲ.

"ಅವನು ನಮ್ಮ ಮಗುನ ಕೊಂದ ಜೆರೂಷಾ."

"ಹೌದು."

"ಮತ್ತೆ?"

ಎದ್ದು ಹೋಗಿ ಅವರನ್ನು ಹಿಡಿದುಕೊಳ್ಳಬೇಕೆನಿಸಿತು. ಕೈ ತುಂಬ ಮಸಿ. ನಾನು ಏಳುವಷ್ಟರಲ್ಲಿ ಅವರು ಟೋಪಿ ತೆಗೆದುಕೊಂಡು ಹೊರಟಿದ್ದರು. ನ್ಯಾಯಾಧೀಶರ ಮನೆಗೋ, ನದಿಯ ಕಡೆಗೋ, ನೋಡಲಿಲ್ಲ.

ಈ ಯಂತ್ರಕ್ಕೆ ಇಬ್ಬರು ಬೇಕು. ಒಬ್ಬರು ಮಸಿ ಹಚ್ಚಬೇಕು, ಒಬ್ಬರು ಹಿಡಿ ಎಳೆಯಬೇಕು. ಎರಡನ್ನೂ ನಾನೇ ಮಾಡಿದೆ. ಮಸಿ ಹಚ್ಚಿ, ಕೈ ಒರೆಸಿಕೊಂಡು, ಕಾಗದ ಇಟ್ಟು, ಎರಡು ಕೈಯಲ್ಲೂ ಹಿಡಿ ಎಳೆದೆ. ಮೊದಲ ಹಾಳೆ ಪೂರಾ ಕೆಟ್ಟಿತು. ಎರಡನೆಯದರ ಒಂದು ಮೂಲೆ ಮೂಡಲೇ ಇಲ್ಲ. ಕೆಳಗೆ ಅಚ್ಚು ಹಾಕಿದವರ ಹೆಸರಿರಬೇಕು, ಅದು ಪದ್ಧತಿ. ನನ್ನದನ್ನು ಹಾಕಿದೆ.

ಈಗ ಹಾಳೆಗಳು ಹಗ್ಗದ ಮೇಲೆ ಒಣಗುತ್ತಿವೆ. ಮಸಿ ಎಲ್ಲ ಕಡೆ ಸಮನಾಗಿ ಕೂತಿಲ್ಲ. ಓದಬಹುದು.